ಎತ್ತರದ ಹ್ಯಾಂಡಲ್, ಹಿಂದಿನ ಸೀಟು

2003ರಲ್ಲಿ ದಸರಾ ರಜೆಗೆಂದು ಬಿಟ್ಟ ಶಾಲೆಗೆ ನಾನು ಮತ್ತೆ ಹೋಗಲಿಲ್ಲ. ಒಂಬತ್ತನೇ ಕ್ಲಾಸು ಅರ್ಧಕ್ಕೇ ನಿಂತಿತು. ಬೆಂಚಿನ ಮೇಲೆ ಕೂತರೆ ಕಾಲು ತಾನಾಗಿ ಕುಣಿಯುತ್ತಿತ್ತು. ಕಿಟಕಿಯಾಚೆ ಬಳ್ಳಾರಿ ರಸ್ತೆಯಲ್ಲಿ ಲಾರಿ ಹೋದರೆ ಅದರ ಹಿಂದೆಯೇ ಮನಸ್ಸೂ ಹೋಗುತ್ತಿತ್ತು. ಯಾರೂ ಬಿಡಿಸಲಿಲ್ಲ, ನಾನೇ ಬಿಟ್ಟೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಯಾರೂ ಅಯ್ಯೋ ಪಾಪ ಅನ್ನುವುದು ಬೇಡ.

ಆ ದಿನಗಳಲ್ಲಿ ನಮ್ಮೂರು ತಳಕಿನ ಕಡೆ ಶೇಂಗಾ ಕಿತ್ತು ಮುಗಿಯುವ ಹೊತ್ತಿಗೆ ಚಳಿ ಇಳಿಯುತ್ತಿತ್ತು. ಓಣಿಯ ತುಂಬ ಹಸಿ ಶೇಂಗಾ ಸುಡುವ ವಾಸನೆ. ನಮ್ಮ ಮನೆಯಲ್ಲಿ ಅದರ ಜೊತೆಗೆ ಕುರಿ ಉಣ್ಣೆಯ ಕಮಟು, ಹುಣಸೆಬೀಜದ ಗಂಜಿ ಕುದಿಯುವ ಘಮ. ಅಪ್ಪ ನೇಯ್ದ ಕಂಬಳಿಗೆ ಅವ್ವ ಆ ಗಂಜಿ ಹಚ್ಚಿ ಬಿಸಿಲಿಗೆ ಹರವುತ್ತಿದ್ದಳು. ಒಣಗಿದರೆ ಕಂಬಳಿ ಹಲಗೆಯಂತೆ ಬಿಗಿಯಾಗುತ್ತಿತ್ತು. ಅಪ್ಪ ಅವನ್ನು ಹಳೆಯ ಬೈಕಿನ ಮೇಲೆ ಹೇರಿಕೊಂಡು ಮೊಳಕಾಲ್ಮೂರು, ರಾಂಪುರ, ಅಲ್ಲಿಂದಾಚೆ ಆಂಧ್ರದ ಹಳ್ಳಿಗಳವರೆಗೂ ಮಾರಲು ಹೋಗುತ್ತಿದ್ದ. ಚಳಿ ಇರುವಷ್ಟು ದಿನವೇ ವ್ಯಾಪಾರ.

ನನಗೆ ಬೇಕಾಗಿದ್ದುದು ಆ ಬೈಕಿನ ಹಿಂದಿನ ಸೀಟು. ಅಪ್ಪನ ಜೊತೆ ಊರೂರು ತಿರುಗಬೇಕು, ಅಷ್ಟೇ. ಆದರೆ ಅಲ್ಲಿ ಕಂಬಳಿ ಮೂಟೆ ಕೂರುತ್ತಿತ್ತು. ಮೂಟೆಯನ್ನು ಮುಂದೆ ಟ್ಯಾಂಕಿನ ಮೇಲಿಟ್ಟರೆ ತಗ್ಗಾಗಿದ್ದ ಹ್ಯಾಂಡಲ್ ಅದಕ್ಕೆ ತಾಗಿ ತಿರುಗುತ್ತಲೇ ಇರಲಿಲ್ಲ. ಹಾಲಿನವರ ಬೈಕಿಗೆ ಎತ್ತರದ ಹ್ಯಾಂಡಲ್ ಇರುವುದನ್ನು ಚಳ್ಳಕೆರೆಯಲ್ಲಿ ನೋಡಿದ್ದೆ. ಅಂಥದ್ದೊಂದು ಹಾಕಿದರೆ ಮೂಟೆ ಮುಂದೆ, ನಾನು ಹಿಂದೆ. ಈ ಲೆಕ್ಕ ತಲೆಗೆ ಹೊಕ್ಕ ಮೇಲೆ ನನಗೆ ಮುದ್ದೆಯೂ ರುಚಿಸಲಿಲ್ಲ. ದಿನಾ ಅಪ್ಪನ ಜೀವ ತಿಂದೆ. ಕೊನೆಗೆ ಅಪ್ಪ ಚಳ್ಳಕೆರೆಯ ಗುಜರಿಯಿಂದ ಒಂದು ಹ್ಯಾಂಡಲ್ ತಂದ.

"ಮೊಳಕಾಲ್ಮೂರಿಗೆ ಹೋದಾಗ ಖಾದರ್ ಮೇಸ್ತ್ರಿ ಹತ್ರ ಹಾಕಿಸ್ತೀನಿ" ಅಂದ.

"ಮೇಸ್ತ್ರಿಗ್ಯಾಕೆ ಕೊಡ್ಬೇಕು? ನಾನೇ ಹಾಕ್ತೀನಿ."

"ಓದೋದು ಬಿಟ್ಟು ಇನ್ನೂ ತಿಂಗ್ಳಾಗಿಲ್ಲ, ಮೇಸ್ತ್ರಿ ಆಗ್ಬಿಟ್ಯಾ?"

"ಹಾಕ್ತೀನಿ ಅಂದ್ರೆ ಹಾಕ್ತೀನಿ."

ಅಪ್ಪ ಬೀಡಿ ಆರಿಸಿದ. "ಆಗ್ಲಿ. ನೆಟ್ಟಗೆ ಹಾಕಿದ್ರೆ ಹಿಂದೆ ಹತ್ತು, ಎಲ್ಲಿಗಾದ್ರೂ ಕರ್ಕೊಂಡು ಹೋಗ್ತೀನಿ. ಖಾದರ್ ಕೈ ಹಾಕೋ ಹಂಗಾದ್ರೆ ಮಾತ್ರ ನಿನ್ನ ಅವ್ನ ಹತ್ರಾನೇ ಬಿಟ್ಟು ಬರ್ತೀನಿ. ಕೂತು ಕಲಿ."

ಟ್ರ್ಯಾಕ್ಟರ್ ಓಡಿಸುವ ಓಬಳೇಶಣ್ಣನ ಮನೆಯಿಂದ ಸ್ಪ್ಯಾನರ್ ತಂದೆ. ಬೋಲ್ಟು ಬಿಚ್ಚಿ ಹಳೆ ಹ್ಯಾಂಡಲ್ ಇಳಿಸುವಷ್ಟರಲ್ಲಿ ಮೊಣಕೈ ತರಚಿತು. ಹೊಸದನ್ನು ಕೂರಿಸಿ ಬಿಗಿದೆ. ಕ್ಲಚ್ ವೈರು, ಎಕ್ಸಲೇಟರ್ ವೈರು ಎಳೆದೂ ಎಳೆದೂ ಅಂತೂ ಮೇಲಕ್ಕೆ ಮುಟ್ಟಿಸಿದೆ. ಕೊನೆಗೆ ತಂಟೆ ಮಾಡಿದ್ದು ಎಡಗೈಯ ರಬ್ಬರ್ ಹಿಡಿ. ಒಣ ಕಬ್ಬಿಣದ ಮೇಲೆ ಅದು ಅರ್ಧಕ್ಕೇ ನಿಂತುಬಿಡುತ್ತಿತ್ತು.

ಅವ್ವ ಒಲೆ ಮುಂದೆ ಕೂತು ನೋಡುತ್ತಿದ್ದಳು. "ಬಾ ಇಲ್ಲಿ" ಎಂದು ಕರೆದು ಗಡಿಗೆಯಿಂದ ಬಿಸಿ ಗಂಜಿ ಎತ್ತಿಕೊಟ್ಟಳು. "ಇದನ್ನ ಸವರು. ಈಗ ಜಾರ್ತೈತೆ, ಒಣಗಿದ ಮ್ಯಾಲೆ ಉಡ ಹಿಡ್ದಂಗೆ ಹಿಡೀತೈತೆ."

ಸವರಿದೆ. ಹಿಡಿ ಸರ್ರನೆ ಒಳಗೆ ಹೋಯಿತು.

ಸಂಜೆ ಸ್ಟ್ಯಾಂಡ್ ಹಾಕಿ ಸ್ಟಾರ್ಟ್ ಮಾಡಿದೆ. ಕ್ಲಚ್ಚು, ಬ್ರೇಕು, ಗೇರು, ಎಲ್ಲ ಸರಿ. ಚಿನ್ನಿದಾಂಡು ಆಡುತ್ತಿದ್ದ ಹುಡುಗರು ಆಟ ಬಿಟ್ಟು ಬಂದರು. ಓಬಳೇಶಣ್ಣ ನಕ್ಕ. "ಏನಲೇ ತಿಪ್ಪೇಶಿ, ಬೈಕಿಗೆ ಕೊಂಬು ಬಂದೈತಲ್ಲೋ! ನಾಳೆ ಹುಲ್ಲು ಹಾಕ್ತೀಯಾ?"

"ನಿನ್ನ ಟ್ರ್ಯಾಕ್ಟರ್‌ಗೂ ಒಂದು ಜೊತೆ ಹಾಕಿಕೊಡ್ಲಾ ಅಣ್ಣಾ?" ಅಂದೆ. ನನ್ನ ಕಾಲು ನೆಲದ ಮೇಲಿರಲಿಲ್ಲ.

ಮರುದಿನ ನಸುಕಿಗೆ ಓಣಿಯಿಂದ ಬೈಕನ್ನು ತಳ್ಳಿಕೊಂಡೇ ಹೆದ್ದಾರಿಗೆ ತಂದೆವು. ಮೂಟೆ ಮುಂದೆ, ಅಪ್ಪ ನಡುವೆ, ನಾನು ಹಿಂದೆ. ನಮ್ಮ ಸೀಮೆಯ ರಸ್ತೆ ಗೊತ್ತಲ್ಲ, ದಾರ ಎಳೆದಷ್ಟು ನೇರ. ಎಡಬಲ ಬಯಲು, ಅಲ್ಲೊಂದು ಇಲ್ಲೊಂದು ಬಂಡೆಗುಡ್ಡ, ಮಂಜಿನಲ್ಲಿ ಕುರಿಮಂದೆ. ಗಾಳಿಗೆ ಕಣ್ಣಲ್ಲಿ ನೀರು. ಅಪ್ಪನ ಬೆನ್ನಿಗೆ ಕೆನ್ನೆ ಒತ್ತಿಕೊಂಡೆ. ಅಂಗಿಯಲ್ಲಿ ಉಣ್ಣೆ, ಬೀಡಿ, ಗಂಜಿಯ ವಾಸನೆ.

"ಹೆಂಗೈತಪ್ಪ ಹ್ಯಾಂಡಲ್?" ಎಂದು ಕೂಗಿದೆ.

"ಸಾವ್ಕಾರನಂಗೆ ಕೂತಿದ್ದೀನಿ ಕಣಲೇ!"

ಹಾನಗಲ್ ಎಂಬ ಹಳ್ಳಿಯ ಹತ್ತಿರ ಹೆದ್ದಾರಿ ಬಿಟ್ಟು ಮೊಳಕಾಲ್ಮೂರಿನ ರಸ್ತೆಗೆ ತಿರುಗುವಾಗ ಇಂಜಿನ್ ಒಮ್ಮೆ ಗುರ್ ಎಂದಿತು. ಭಾರಕ್ಕೆ ಇರಬೇಕು ಎಂದುಕೊಂಡೆವು. ಪೇಟೆಯೊಳಗೆ, ಬಸ್‌ಸ್ಟ್ಯಾಂಡಿನ ಪಕ್ಕದ ಗಲ್ಲಿಗೆ ಅಪ್ಪ ಹ್ಯಾಂಡಲನ್ನು ಎಡಕ್ಕೆ ಪೂರ್ತಿ ತಿರುಗಿಸಿದ. ಎಕ್ಸಲೇಟರ್ ಮುಟ್ಟದೆಯೇ ಬೈಕು ಅರಚಿಕೊಂಡು ಮುಂದಕ್ಕೆ ಹಾರಿತು. ಅಪ್ಪ ಬ್ರೇಕ್ ತುಳಿಯುವಷ್ಟರಲ್ಲಿ ಮಂಡಕ್ಕಿ ಚೀಲಗಳಿಗೆ ನುಗ್ಗಿ ನಿಂತಿತು. ಟ್ಯಾಂಕಿನ ಮೇಲಿನ ಮೂಟೆ ಅಪ್ಪನ ಎದೆಗೆ ಅಡ್ಡವಾಗಿ ಅವನನ್ನು ಕಾಯಿತು. ನನ್ನ ತಲೆತುಂಬ ಮಂಡಕ್ಕಿ.

ಮಂಡಕ್ಕಿ ಮಾರುವ ಮುದುಕಿ ಸೆರಗು ಬಿಗಿದು ನಿಂತಳು. "ಏಮಯ್ಯಾ, ಚೂಸುಕುನಿ ನಡಪಲೇವಾ?" ನೋಡಿಕೊಂಡು ಓಡಿಸೋಕಾಗಲ್ವಾ ಎಂದು. ಅಪ್ಪ ತೆಲುಗಿನಲ್ಲೇ ಸಮಾಧಾನ ಹೇಳಿ ಅವಳಿಗೊಂದು ಕಂಬಳಿ ಕೊಟ್ಟ. ಆಮೇಲೆ ನನ್ನ ಕಡೆ ನೋಡದೆ ಬೈಕನ್ನು ಖಾದರ್ ಅಂಗಡಿಗೆ ತಳ್ಳಿದ.

ಖಾದರಣ್ಣ ಬೈಕನ್ನು ಸ್ಟಾರ್ಟ್ ಮಾಡಿ ಹ್ಯಾಂಡಲನ್ನು ಮೆಲ್ಲಗೆ ಎಡಕ್ಕೆ ತಿರುಗಿಸಿದ. ಇಂಜಿನ್ ತಾನಾಗಿ ಏರಿತು.

"ಯಾರು ಹಾಕಿದ್ದು?"

"ನಾನು."

"ಲೇ ಹುಡುಗಾ, ಹ್ಯಾಂಡಲ್ ಎತ್ತಿದ್ದೀಯ, ವೈರು ಅಷ್ಟೇ ಐತಲ್ಲೋ. ತಿರುಗಿಸಿದ್ರೆ ಎಳ್ಕೊಳ್ತೈತೆ. ನಿನ್ನ ಕೈ ಉದ್ದ ಆದ್ರೆ ಅಂಗಿ ತೋಳು ತಾನೇ ಉದ್ದ ಆಗ್ತೈತಾ? ಪೂರ್ತಿ ತಿರುಗಿಸಿ ನೋಡ್ಲಿಲ್ವಾ?"

ನೋಡಿರಲಿಲ್ಲ. ನಮ್ಮೂರಲ್ಲಿ ತಿರುಗಿಸಬೇಕು ಅಂತ ಹೊಳೆಯುವಂಥ ರಸ್ತೆಯೇ ಇರಲಿಲ್ಲ.

ಅವನು ಉದ್ದದ ವೈರು ಹಾಕಿದ. ಮುಗಿಸಿ, ಸಡಿಲ ಇದೆಯೇ ಎಂದು ಎಡಗೈಯ ಹಿಡಿಯನ್ನು ತಿರುಚಿದ. ಅಲುಗಲಿಲ್ಲ. ಎರಡೂ ಕೈ ಹಾಕಿ ತಿರುಚಿದ. "ಯಾವ ಗಮ್ಮಲೇ ಇದು?"

"ಅವ್ವನ ಕಂಬಳಿ ಗಂಜಿ."

ಖಾದರಣ್ಣ ಹೊಟ್ಟೆ ಹಿಡಿದು ನಕ್ಕ. ಆಮೇಲೆ ಅಪ್ಪನ ಕಡೆ ತಿರುಗಿ, "ಇವನನ್ನ ಇಲ್ಲೇ ಬಿಡ್ರಿ ಭಾಯ್, ಕೈ ಸುಮ್ನಿರೋ ಕೈಯಲ್ಲ" ಅಂದ.

"ಅಪ್ಪಾ, ಇನ್ನೇನು ಸರಿ ಆಯ್ತಲ್ಲ, ಬರ್ತೀನಿ" ಅಂದೆ.

"ಏನ್ ಮಾತಾಗಿತ್ತು?"

ಅಪ್ಪ ಮೂಟೆಯನ್ನು ಎರಡು ಮಾಡಿದ. ಒಂದನ್ನು ಟ್ಯಾಂಕಿನ ಮೇಲಿಟ್ಟು, ಇನ್ನೊಂದನ್ನು ನಾನು ಕೂತಿದ್ದ ಜಾಗಕ್ಕೆ ಹಗ್ಗದಿಂದ ಬಿಗಿದ. ಅದಕ್ಕೂ ಮೊದಲು ಒಳ್ಳೆಯ ಕರಿ ಕಂಬಳಿಯೊಂದನ್ನು ಎಳೆದು ನನ್ನ ಹೆಗಲಿಗೆ ಹಾಕಿದ. "ಇಲ್ಲಿ ಚಳಿ ಜಾಸ್ತಿ. ಹೊದ್ಕ." ಗಲ್ಲಿಯ ತಿರುವಿನಲ್ಲಿ ಹ್ಯಾಂಡಲನ್ನು ಪೂರ್ತಿ ತಿರುಗಿಸಿದ. ಬೈಕು ಸದ್ದಿಲ್ಲದೆ ತಿರುಗಿತು.

ಆ ಚಳಿಗಾಲವೆಲ್ಲ ಒಂದು ಕಣ್ಣು ಸ್ಪ್ಯಾನರ್ ಮೇಲೆ, ಒಂದು ಕಣ್ಣು ರಸ್ತೆಯ ಮೇಲೆ. ದೂರದಲ್ಲಿ ಕೊಂಬಿನಂಥ ಹ್ಯಾಂಡಲ್ ಕಂಡರೆ ಎದ್ದು ನಿಲ್ಲುತ್ತಿದ್ದೆ. "ಕೂತ್ಕೋ ಲೇ, ಅದು ಹಾಲಿನವ್ನು" ಎನ್ನುತ್ತಿದ್ದ ಖಾದರಣ್ಣ. ಅಪ್ಪ ಬಂದಾಗ ಹಿಂದಿನ ಸೀಟಿನ ಮೇಲೆ ಯಾವಾಗಲೂ ಮೂಟೆ ಇರುತ್ತಿತ್ತು. ಹೊಸ ಹ್ಯಾಂಡಲ್ ಬಂದ ಮೇಲೆ ಮುಂದೊಂದು, ಹಿಂದೊಂದು. ಆ ಅನುಕೂಲ ಮಾಡಿಕೊಟ್ಟವನು ನಾನೇ.

ಈಗ ಮಿಲ್ಲಿನ ರಗ್ಗು ಬಂದಿವೆ. ಮಗ್ಗದ ಗುಂಡಿ ಮುಚ್ಚಿದೆವು. ಅಪ್ಪ ಇಲ್ಲ, ಅವ್ವ ಇಲ್ಲ. ಹುಣಸೆಬೀಜ ಕುದಿಯುವ ವಾಸನೆ ಯಾವ ಓಣಿಯಲ್ಲೂ ಬರುವುದಿಲ್ಲ. ಹುಡುಗರು ಫೋನಿನಲ್ಲಿ ವಿಡಿಯೋ ನೋಡಿಕೊಂಡು ಎತ್ತರದ ಹ್ಯಾಂಡಲ್ ಹಿಡಿದು ನನ್ನಲ್ಲಿಗೆ ಬರುತ್ತಾರೆ. "ಅಣ್ಣಾ, ಸ್ಪ್ಯಾನರ್ ಕೊಡ್ರಿ, ನಾವೇ ಹಾಕ್ಕೊಳ್ತೀವಿ" ಅನ್ನುತ್ತಾರೆ. ಕೊಡುತ್ತೇನೆ. ಎರಡೂ ಕಡೆ ಪೂರ್ತಿ ತಿರುಗಿಸಿ ನೋಡುವವರೆಗೆ ಮಾತ್ರ ಅಂಗಡಿಯಿಂದ ಕದಲಲು ಬಿಡುವುದಿಲ್ಲ.

ನನ್ನ ಹತ್ತಿರ ಈಗ ಇರುವುದಿಷ್ಟು. ಚಳ್ಳಕೆರೆಯಲ್ಲಿ ನನ್ನದೇ ಗ್ಯಾರೇಜು, ಒಂದು. ಕೈ ಕೆಳಗೆ ದುಡಿಯುವವರು, ಇಬ್ಬರು. ನುಸಿ ಹಿಡಿಯದಂತೆ ಬೇವಿನ ಸೊಪ್ಪಿನಲ್ಲಿ ಸುತ್ತಿಟ್ಟ ಕರಿ ಕಂಬಳಿ, ಒಂದು. ಗೋಡೆಯ ಮೇಲೆ ಆ ಹ್ಯಾಂಡಲ್, ಎಡಗೈಯ ಹಿಡಿ ಇನ್ನೂ ಅಲುಗಿಲ್ಲ. ಅಪ್ಪನ ಬೆನ್ನಿಗೆ ಕೆನ್ನೆ ಒತ್ತಿಕೊಂಡು ಹೋದ ದಾರಿ, ಒಂದು.