ಶಾಲೆ ಬಿಡಲು ಕಾರಣ

ನಮ್ಮ ಹೈಸ್ಕೂಲಿನ ಗುಮಾಸ್ತೆಗೆ ಮಕ್ಕಳಿಟ್ಟ ಹೆಸರು ಗೋಂದಕ್ಕ. ದಿನವಿಡೀ ಅರ್ಜಿಗಳಿಗೆ ಫೋಟೊ ಅಂಟಿಸುತ್ತಾಳೆಂದು ಆ ಹೆಸರು. ಪಕ್ಕದ ಮೇಜಿನಲ್ಲಿ ಟೈಪ್ ಮಾಡುವ ನನಗೆ ಗೊತ್ತು, ಹಿಡಿದದ್ದನ್ನು ಬಿಡುವ ಪೈಕಿಯಲ್ಲ ಅವಳು. ಮಾತು ಮೆತ್ತಗೆ, ಒಳಗೊಳಗೇ ಕತ್ತಿ ಮಸೆಯುತ್ತಿದ್ದಳು.

ಹದಿನಾಲ್ಕರ ವಯಸ್ಸಿನಲ್ಲಿ ಅವಳ ಕಣ್ಣೆದುರೇ ಅಣ್ಣ ಲಾರಿಯಡಿ ಸಿಕ್ಕಿ ಸತ್ತಿದ್ದ. ಆಮೇಲೆ ತರಗತಿಯಲ್ಲಿ ಹೆಸರು ಕೂಗಿದರೂ ಅವಳಿಗೆ ಕೇಳಿಸುತ್ತಿರಲಿಲ್ಲ. ಕ್ಲಾಸ್ ಟೀಚರೂ ಆಗಿದ್ದ ಗಣಿತದ ಮೇಷ್ಟ್ರು ಮೂರು ತಿಂಗಳು ಬೆಂಚಿನ ಮೇಲೆ ನಿಲ್ಲಿಸಿದರು, ನಾಲ್ಕನೆಯ ತಿಂಗಳು ಟಿ.ಸಿ. ಕೊಡಿಸಿ ಮನೆಗೆ ಅಟ್ಟಿದರು. ‘ಶಾಲೆ ಬಿಡಲು ಕಾರಣ’ ಎಂಬಲ್ಲಿ ಅವರದೇ ಕೈಬರಹ, ಕೆಳಗೆ ಅವರದೇ ಸಹಿ: ಓದಿನಲ್ಲಿ ಆಸಕ್ತಿಯಿಲ್ಲ. ಆಸಕ್ತಿಯಿಲ್ಲದ ಆ ಮಹಾತಾಯಿ ಪ್ರೆಸ್ಸಿನಲ್ಲಿ ಹಾಳೆ ಮಡಿಸುತ್ತ, ಮಡಿಸಿದ್ದನ್ನೇ ಓದುತ್ತ, ಖಾಸಗಿಯಾಗಿ ಪರೀಕ್ಷೆ ಕಟ್ಟಿ ಪಾಸಾಗಿ ಗುಮಾಸ್ತೆಯಾದಳು.

ಎರಡು ವರ್ಷದ ಹಿಂದೆ ನಮಗೆ ಹೊಸ ಮುಖ್ಯೋಪಾಧ್ಯಾಯರು ಬಂದರು. ಅವರ ಮೊದಲ ಸಹಿ ಕಂಡದ್ದೇ ಗೋಂದಕ್ಕನ ಮೈ ಉರಿದುಹೋಯಿತು. ಅದೇ ಮೇಷ್ಟ್ರು. ಅವರಿಗೆ ಇವಳ ಗುರುತೇ ಹತ್ತಲಿಲ್ಲ. ತಾಳಿದವನು ಬಾಳಿಯಾನು ಅನ್ನುತ್ತಾರೆ. ಗೋಂದಕ್ಕ ತಾಳಿದ್ದು ಬಾಳುವುದಕ್ಕಲ್ಲ, ಬಡಿಯುವುದಕ್ಕೆ.

ಹೋದ ವರ್ಷ ಹತ್ತನೇ ತರಗತಿಯ ಹುಡುಗಿಯೊಬ್ಬಳ ಅಮ್ಮ ಗ್ಯಾಸ್ ಸಿಡಿದು ತೀರಿಕೊಂಡರು. ಬಾಗಿಲು ಮುಚ್ಚಿದರೆ ಸಾಕು, ಆ ಹುಡುಗಿ ಪಾಠದ ನಡುವೆಯೇ ಎದ್ದು ಓಡುತ್ತಿದ್ದಳು. ಪರೀಕ್ಷೆಗೆ ಇನ್ನು ನಾಲ್ಕು ತಿಂಗಳು. ಮುಖ್ಯೋಪಾಧ್ಯಾಯರು ಅಜ್ಜಿಯನ್ನು ಕರೆಸಿ ಹೊರಗೆ ಕೂರಿಸಿದರು, ನಮ್ಮ ಕೋಣೆಗೇ ಬಂದು ಟಿ.ಸಿ. ಬರೆಯಿರಿ ಎಂದು ಗೋಂದಕ್ಕನಿಗೆ ಹೇಳಿದರು. ಈಗ ಬಿಟ್ಟವಳು ಮತ್ತೆ ಯಾವ ಶಾಲೆಯ ಮೆಟ್ಟಿಲನ್ನೂ ಹತ್ತುವುದಿಲ್ಲ ಎಂಬುದನ್ನು ಗೋಂದಕ್ಕನಿಗೆ ಯಾರೂ ಹೇಳಬೇಕಿರಲಿಲ್ಲ.

ಬರೆದು ಕೊಟ್ಟಳು. ಅವರು ಓದಿ ಕನ್ನಡಕ ತೆಗೆದರು.

“ಏನ್ರೀ ಇದು? ‘ತಾಯಿ ಸುಟ್ಟು ಸತ್ತ ಮೇಲೆ ಬಾಗಿಲ ಪಕ್ಕ ಕೂರಲು ಕೇಳಿದಳು, ಶಾಲೆ ಒಪ್ಪಲಿಲ್ಲ’ ಅಂತ ಬರೆದಿದ್ದೀರಲ್ಲ!”

“ಕಾರಣ ಸರ್. ಒಂದು ಪ್ರತಿ ಮೇಲಿನ ಕಚೇರಿಗೂ ಹೋಗುತ್ತೆ. ಸಹಿ ಹಾಕಿ.”

“ಓದಿನಲ್ಲಿ ಆಸಕ್ತಿ ಇಲ್ಲ ಅಂತ ಬರೀರಿ ಸಾಕು.”

“ಅದನ್ನ ನೀವೇ ಬರೀರಿ. ನಿಮಗೆ ಅಭ್ಯಾಸ ಇದೆ.” ತನ್ನ ಹಳೆಯ ಟಿ.ಸಿ.ಯನ್ನು ಅದರ ಪಕ್ಕದಲ್ಲೇ ಇಟ್ಟಳು.

ಅವರು ತಿರುಗಿಸಿ ಮುರುಗಿಸಿ ನೋಡಿದರು. “ಯಾರಿದು?”

“ನಾನು.”

ಟೈಪ್ ಮಾಡುವುದನ್ನು ನಿಲ್ಲಿಸಿ ಕಣ್ತುಂಬ ನೋಡಿದೆ. ಆ ಮುಖದ ನೀರಿಳಿಯುವುದನ್ನು ಕಂಡು ನನ್ನ ಹೊಟ್ಟೆಯೂ ತಣ್ಣಗಾಯಿತು, ಸುಳ್ಳೇಕೆ ಹೇಳಲಿ.

“ಹಳೇ ಮಾತು, ಮರೆತುಬಿಡಿ,” ಎಂದರು.

“ಮೊದಲು ನೀವು ನೆನಪು ಮಾಡ್ಕೊಳ್ಳಿ ಸರ್. ಮರೆಯೋದು ಆಮೇಲೆ.”

ಸಹಿ ಬೀಳಲಿಲ್ಲ. ಅಜ್ಜಿ ಬರಿಗೈಯಲ್ಲಿ ಮನೆಗೆ ಹೋದರು. ಮರುದಿನದಿಂದ ಹುಡುಗಿ ಬಾಗಿಲ ಪಕ್ಕದ ಬೆಂಚಿನಲ್ಲಿ ಕೂತಳು. ಎದ್ದು ಹೋಗಲು ಯಾರನ್ನೂ ಕೇಳಬೇಕಿರಲಿಲ್ಲ, ಆದರೆ ಓಡಿದರೆ ನಮ್ಮ ಆಫೀಸಿಗೇ ಬರಬೇಕು. ಬಂದಾಗ ಗೋಂದಕ್ಕ ಒಂದು ಕಟ್ಟು ಅರ್ಜಿ ಮುಂದಿಡುತ್ತಿದ್ದಳು. ಹತ್ತು ಫೋಟೊ ಅಂಟಿಸುವಷ್ಟರಲ್ಲಿ ಹುಡುಗಿ ತಾನಾಗಿ ಎದ್ದು ಪಾಠಕ್ಕೆ ಹೋಗುತ್ತಿದ್ದಳು. ಕೆಲವು ದಿನ ಹೋಗುತ್ತಿರಲಿಲ್ಲ. ಆಗ ಗೋಂದಕ್ಕ ತಾನೇ ಹೋಗಿ ಅವಳ ಪುಸ್ತಕ ತಂದು ಅಲ್ಲೇ ಓದಿಸುತ್ತಿದ್ದಳು.

ಹುಡುಗಿ ಪಾಸಾದಳು, ಅದೂ ಗಣಿತದಲ್ಲಿ ಶಾಲೆಗೇ ಮೊದಲಿಗಳಾಗಿ. ಫಲಿತಾಂಶದ ದಿನ ಮುಖ್ಯೋಪಾಧ್ಯಾಯರು ಹೊಸ ಅಂಗಿ ತೊಟ್ಟು, ಅವಳ ಜೊತೆ ಫೋಟೊ ತೆಗೆಸಲು ಹೇಳಿಕಳಿಸಿದರು. ಅವಳು ಮೊದಲು ಬಂದದ್ದು ನಮ್ಮ ಕೋಣೆಗೆ.

“ನನಗೆ ಥ್ಯಾಂಕ್ಸ್ ಹೇಳ್ಬೇಡ ಮಗಳೇ,” ಎಂದಳು ಗೋಂದಕ್ಕ. “ನಿನ್ನ ಮೇಲಿನ ಪ್ರೀತಿಗೆ ಶುರು ಮಾಡಿದ್ದಲ್ಲ. ಆ ಮನುಷ್ಯನ ಮೇಲಿನ ಸೇಡಿಗೆ.”

“ಗೊತ್ತಕ್ಕಾ,” ಎಂದಳು ಹುಡುಗಿ. “ನಾನು ಓದಿದ್ದೂ ಅದಕ್ಕೇ.”

ಗೋಂದಕ್ಕ ಅವಳನ್ನು ಬರಸೆಳೆದು ಅಪ್ಪಿಕೊಂಡು ಗೊಳೋ ಎಂದು ಅತ್ತಳು. ಫೋಟೊಗೆ ತಡವಾಯಿತು, ಸಾಹೇಬರು ಬಿಸಿಲಲ್ಲಿ ನಿಂತಿದ್ದಾರೆ ಎಂದು ಜವಾನ ಬಂದು ಹೇಳಿದ. ನಿಂತಿರಲಿ ಎಂದೆ.