ಯಾವಾಗಲೂ ಒಂದು ಅಂಕಿ ಹೆಚ್ಚು

ನಾನು ತಿ. ನರಸೀಪುರದ ಕಾಲೇಜೊಂದರಲ್ಲಿ ಗಣಿತ ಹೇಳಿಕೊಡಲು ಶುರುಮಾಡಿ ಹದಿನಾಲ್ಕು ವರ್ಷವಾಗಿತ್ತು. ಮನೆ ನಂಜನಗೂಡಿನಲ್ಲಿ. ದಿನವೂ ಬಸ್ಸು. ಅಂದು ಶನಿವಾರ, ಅರ್ಧ ದಿನದ ಕಾಲೇಜು. ಮೊದಲ ಪಿಯುಸಿಯವರಿಗೆ ಫಂಕ್ಷನ್ ಪಾಠ. ಒಂದು ಸಂಖ್ಯೆ ಕೊಟ್ಟರೆ ಒಂದೇ ಒಂದು ಉತ್ತರ ಬರಬೇಕು ಎಂದು ವಿವರಿಸಿ, ಪುಸ್ತಕದಲ್ಲಿಲ್ಲದ ಒಂದು ಉದಾಹರಣೆ ಕೊಟ್ಟೆ: ಸಂಖ್ಯೆಯಲ್ಲಿ ಎಷ್ಟು ಅಂಕಿಗಳಿವೆ ಎಂದು ಹೇಳುವ ಫಂಕ್ಷನ್. ಏಳು ಕೊಟ್ಟರೆ ಒಂದು, ನಾನೂರೈವತ್ತು ಕೊಟ್ಟರೆ ಮೂರು.

ಮೂರನೇ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತಳು. ಬನ್ನೂರು ರಸ್ತೆಯ ಹಳ್ಳಿಯವಳು, ಹಾಜರಿ ಕೂಗಿದಾಗ ಬಿಟ್ಟರೆ ಬಾಯಿ ತೆರೆದವಳಲ್ಲ.

"ಮೇಡಂ, ಎರಡನ್ನ ಮೂರು ಸಲ ಬರ್ದು ಗುಣಿಸಿದ್ರೆ ಎಂಟು, ಒಂದಂಕಿ. ಐದನ್ನ ಮೂರು ಸಲ ಗುಣಿಸಿದ್ರೆ ನೂರಿಪ್ಪತ್ತೈದು, ಮೂರಂಕಿ. ಒಟ್ಟು ನಾಕು. ನಾಕು ಸಲ ಗುಣಿಸಿದ್ರೆ ಒಟ್ಟು ಐದು. ಯಾವಾಗ್ಲೂ ಒಂದು ಜಾಸ್ತೀನೇ ಬತ್ತದೆ. ಯಾಕೆ?"

ಗಂಟೆ ಹೊಡೆಯಲು ಎರಡು ನಿಮಿಷವಿತ್ತು. ನನ್ನ ಕಣ್ಣು ಗಡಿಯಾರದ ಮೇಲೆ.

"ಕಾಕತಾಳೀಯ ಕಣಮ್ಮ. ಮುಂದೆ ಹೋದ್ರೆ ತಪ್ಪುತ್ತೆ. ಕೂತ್ಕೋ."

ಅವಳು ಕೂತಳು. ನೋಟ್‌ಬುಕ್ಕಿನಲ್ಲಿ ಏನನ್ನೋ ಹೊಡೆದುಹಾಕಿದ್ದು ಕಾಣಿಸಿತು.

ಬಸ್ಸಿನಲ್ಲಿ ಕೂತವಳು, ಎಲ್ಲಿ ತಪ್ಪುತ್ತದೆ ನೋಡೋಣ ಎಂದು ಮೊಬೈಲಿನ ಕ್ಯಾಲ್ಕ್ಯುಲೇಟರ್ ತೆಗೆದೆ. ಏಳು ಸಲಕ್ಕೆ ಎಂಟು ಅಂಕಿ. ಹತ್ತು ಸಲಕ್ಕೆ ಹನ್ನೊಂದು. ಹದಿಮೂರಕ್ಕೆ ಹದಿನಾಲ್ಕು. ಎಲ್ಲಿಯೂ ತಪ್ಪಲಿಲ್ಲ. ಕಪಿಲಾ ಸೇತುವೆ ದಾಟುವಾಗ ಮೊಬೈಲು ಬ್ಯಾಗಿನೊಳಗಿಟ್ಟೆ. ಗೊತ್ತಿಲ್ಲ ಎಂದಿದ್ದರೆ ಆಗುತ್ತಿತ್ತು. ಗೊತ್ತಿರುವವಳ ಹಾಗೆ ಅವಳನ್ನು ಕೂರಿಸಿಬಿಟ್ಟಿದ್ದೆ.

ಭಾನುವಾರ ಕಳಲೆಯಲ್ಲಿ ನೆಂಟರ ಮನೆಯ ಗೃಹಪ್ರವೇಶ. ಊಟದ ಪಂಕ್ತಿಗೆ ಕಾಯುತ್ತ, ಆಮಂತ್ರಣ ಪತ್ರಿಕೆಯ ಹಿಂಭಾಗದಲ್ಲಿ ಇಪ್ಪತ್ತು ಸಲದವರೆಗೂ ಬರೆದೆ. ಪಕ್ಕದಲ್ಲಿದ್ದ ನನ್ನ ಗಂಡ ಮೆಲ್ಲಗೆ, "ಜನ ನೋಡ್ತಿದಾರೆ ಕಣೇ, ಏನದು?" ಎಂದರು. ಹೇಳಿದೆ. "ಸೋಮವಾರ ಆ ಮಗೂನೇ ಕೇಳು, ಅವಳಿಗೇ ಗೊತ್ತಿರ್ಬೋದು," ಎಂದು ನಕ್ಕರು. ನನಗೆ ನಗು ಬರಲಿಲ್ಲ. ಪಾಯಸ ಬಂದದ್ದೂ ಹೋದದ್ದೂ ತಿಳಿಯಲಿಲ್ಲ.

ಸೋಮವಾರ ಬೆಳಿಗ್ಗೆ, ಬಸ್ಸು ಇನ್ನೂ ನಂಜನಗೂಡಿನ ನಿಲ್ದಾಣದಲ್ಲೇ ಇದ್ದಾಗ, ಹೊಳೆಯಿತು. ಎರಡು ದಿನದಿಂದ ಬರೀ ಅಂಕಿಗಳನ್ನು ಕೂಡುತ್ತಿದ್ದೆ. ಆ ಎರಡು ಸಂಖ್ಯೆಗಳನ್ನು ಒಂದಕ್ಕೊಂದು ಗುಣಿಸಿಯೇ ಇರಲಿಲ್ಲ! ಎರಡೈದಲೆ ಹತ್ತು. ಅಂದರೆ ಹತ್ತು ಸಲ ಗುಣಿಸಿದ ಎರಡು, ಹತ್ತು ಸಲ ಗುಣಿಸಿದ ಐದು, ಇವೆರಡರ ಗುಣಲಬ್ಧ ಒಂದರ ಮುಂದೆ ಹತ್ತು ಸೊನ್ನೆ. ಹನ್ನೊಂದು ಅಂಕಿ. ಗುಣಿಸಿದಾಗ ಎರಡರ ಅಂಕಿಗಳೂ ಸೇರುತ್ತವೆ, ಅಷ್ಟೇ! ಕೂತಲ್ಲಿ ಕೂರಲಾಗಲಿಲ್ಲ. ಆದರೆ ತರಗತಿಗೆ ಹೋದರೆ ಅವಳಿರಲಿಲ್ಲ. "ಹುಷಾರಿಲ್ವಂತೆ ಮೇಡಂ," ಎಂದಳು ಗೆಳತಿ.

ನಾಳೆ ಹೇಳಿದರಾಯಿತು ಎಂದುಕೊಂಡೆ. ಮೂರು ಗಂಟೆಯವರೆಗೂ ಹಾಗೇ ಅಂದುಕೊಳ್ಳುತ್ತಿದ್ದು, ಕೊನೆಗೆ ಬನ್ನೂರಿನ ಬಸ್ಸು ಹತ್ತಿಬಿಟ್ಟೆ.

ಕಬ್ಬಿನ ಗದ್ದೆ ದಾಟಿ ಮನೆ ಹುಡುಕಿಕೊಂಡು ಹೋದರೆ ಬಾಗಿಲಿಗೆ ಬೇವಿನ ಸೊಪ್ಪು ಸಿಕ್ಕಿಸಿತ್ತು. ಅವಳ ತಾಯಿ ಗಾಬರಿಯಾಗಿ ಹೊರಗೆ ಬಂದರು.

"ಒಳಕ್ಕೆ ಬರ್ಬ್ಯಾಡಿ ಮೇಡಂ. ಮಗೀಗೆ ಅಮ್ಮ ಆಗದೆ. ಏನಾರ ತಪ್ಪು ಮಾಡುದ್ಲಾ?"

"ತಪ್ಪು ನಾನು ಮಾಡಿದ್ದು. ನನಗೆ ಚಿಕ್ಕವಳಿದ್ದಾಗಲೇ ಅಮ್ಮ ಆಗಿ ಹೋಗಿದೆ, ಏನೂ ಆಗಲ್ಲ," ಎಂದೆ. ಆದರೂ ಅವರು ಒಳಗೆ ಬಿಡಲಿಲ್ಲ. ಜಗಲಿಯ ಮೇಲೆ, ಕಿಟಕಿಯ ಪಕ್ಕ ಕೂರಿಸಿದರು. ಕಂಬಿಯ ಆಚೆ, ಮೈಯೆಲ್ಲ ಸೀತಾಳೆ ಸಿಡುಬಿನ ಬೊಕ್ಕೆಯೆದ್ದ ಹುಡುಗಿ ಚಾಪೆಯ ಮೇಲೆ ಎದ್ದು ಕೂತಳು.

"ನೀನು ಹೇಳಿದ್ದೇ ಸರಿ. ಕಾಕತಾಳೀಯ ಅಲ್ಲ," ಎಂದು ಎಲ್ಲ ವಿವರಿಸಿದೆ. ಅವಳು ಕಣ್ಣು ಮುಚ್ಚಿ ಕೇಳಿದಳು. ಆಮೇಲೆ ಹೇಳಿದಳು:

"ಆದ್ರೆ ಮೇಡಂ, ಗುಣಿಸ್ದಾಗ ಅಂಕಿ ಒಂದು ಕಮ್ಮೀನೂ ಆಯ್ತದಲ್ವಾ? ಎರಡು ಮೂರ‍್ಲೆ ಆರು. ಒಂದಂಕಿ, ಒಂದಂಕಿ, ಉತ್ತರಾನೂ ಒಂದೇ ಅಂಕಿ. ಅಂಗಾದ್ರೆ ಉತ್ತರ ಹನ್ನೊಂದಂಕಿ ಇದ್ರೂ ನಮ್ದು ಒಟ್ಟು ಹನ್ನೆರಡು ಅಂಕಿ ಯಾಕಾಗ್ಬಾರ್ದು?"

ಅಷ್ಟು ದೂರ ಹೊತ್ತು ತಂದ ಉತ್ತರದಲ್ಲಿ ತೂತಿತ್ತು. ಈ ಸಲ ಮಾತ್ರ ಹೇಳಿದೆ: "ಗೊತ್ತಿಲ್ಲ. ನೋಡೋಣ."

ಅವಳ ತಾಯಿ ಮಜ್ಜಿಗೆ ತಂದುಕೊಟ್ಟರು. ನಾನು ಈಚೆ, ಅವಳು ಆಚೆ ಲೆಕ್ಕ ಹಾಕುತ್ತ ಕೂತೆವು. ಕೊನೆಯ ಬಸ್ಸಿನ ಚಿಂತೆ ನನ್ನನ್ನು ಚುಚ್ಚುತ್ತಲೇ ಇತ್ತು.

"ಒಂದರ ಮುಂದೆ ಬರೀ ಸೊನ್ನೆ ಅಂದ್ರೆ, ಅಷ್ಟಂಕಿ ಇರೋದ್ರಲ್ಲೆಲ್ಲ ಅದೇ ಚಿಕ್ಕದು," ಎಂದಳು ನಿಧಾನವಾಗಿ. "ಅಂಕಿ ಕಮ್ಮಿಯಾಗಿ ಅದು ಬರ್ಬೇಕಾದ್ರೆ, ಗುಣಿಸೋ ಎರಡೂ ಅಂಗೇ ಇರ್ಬೇಕು, ಒಂಚೂರು ದೊಡ್ಡದಾದ್ರೂ ಉತ್ತರಾನೂ ದೊಡ್ಡದಾಯ್ತದೆ. ಹತ್ತು, ನೂರು, ಸಾವಿರ ಅನ್ನೋ ತರ. ಆದ್ರೆ ಎರಡನ್ನ ಎಷ್ಟು ಸಲ ಗುಣಿಸಿದ್ರೂ ಕೊನೇಗೆ ಸೊನ್ನೆ ಬರಲ್ಲ ಮೇಡಂ. ಎರಡು, ನಾಕು, ಎಂಟು, ಆರು. ಅಷ್ಟೇಯ."

ನಾನು ಮನಸ್ಸಿನಲ್ಲೇ ಒಂದೊಂದಾಗಿ ಮತ್ತೆ ನೋಡಿದೆ. ತೂತು ಮುಚ್ಚಿತ್ತು.

ತಾಯಿ ರಸ್ತೆಯವರೆಗೂ ಬಂದರು. "ಓದ್ತಾಳಾ ಮೇಡಂ?" ಎಂದು ಕೇಳಿದರು.

"ಇವತ್ತು ನನಗೇ ಹೇಳಿಕೊಟ್ಟಳು," ಎಂದೆ. ಅವರು ಅದನ್ನು ಉಪಚಾರದ ಮಾತೆಂದುಕೊಂಡು ನಕ್ಕರು. ಇನ್ನೊಮ್ಮೆ ಹೇಳಲು ಬಾಯಿ ತೆರೆಯುವಷ್ಟರಲ್ಲಿ ಬಸ್ಸು ಬಂತು. ಸೀಟಿತ್ತು; ಆದರೂ ನರಸೀಪುರದವರೆಗೆ ನಿಂತೇ ಹೋದೆ. ಹದಿನಾಲ್ಕು ವರ್ಷದಲ್ಲಿ ಇನ್ನೂ ಯಾರ‍್ಯಾರನ್ನು ಹೀಗೆ ಕೂತ್ಕೋ ಎಂದಿದ್ದೆನೋ, ಒಂದು ಮುಖವೂ ನೆನಪಾಗಲಿಲ್ಲ.