ನಕ್ಷೆಯಿಂದ ಅಳಿಸಿದ ಚೊಂಬು

ನೆನೆಹಾಕಿದ್ದ ಅವರೆಕಾಳನ್ನು ಮುಂದಿಟ್ಟುಕೊಂಡು ಹಿತುಕುತ್ತಾ ಕೂತಿದ್ದೆ. ಫೋನು ಹೊಡೆದುಕೊಳ್ಳತೊಡಗಿತು. ಕೈಯೆಲ್ಲ ಲೋಳೆ. ಸೆರಗಿಗೆ ಒರೆಸಿಕೊಂಡು ಎತ್ತುವಷ್ಟರಲ್ಲಿ ಒಂದು ಸಲ ನಿಂತು ಮತ್ತೆ ಶುರುವಾಯಿತು. ನಿಟ್ಟೂರಿನಿಂದ ತುಮಕೂರಿನ ಮಠಕ್ಕೆ ಪಾದಯಾತ್ರೆ ಹೊರಟಿದ್ದ ನನ್ನ ನಾದಿನಿಯ ಜೊತೆಗಾತಿ.

"ಅಕ್ಕಾ, ನಿಮ್ಮ ನಾದಿನಿ ಗುಬ್ಬಿ ಹತ್ರ ತಲೆ ತಿರುಗಿ ಬಿದ್ಬುಟ್ರು. ಆಸ್ಪತ್ರೆಗೆ ಸೇರ್ಸಿದೀವಿ. ಗಾಬ್ರಿ ಆಗ್ಬೇಡಿ, ಮಾತಾಡ್ತಾವ್ರೆ. ಕೊಡ್ತೀನಿ ತಾಳಿ."

ಶಿವನೇ ಕಾಪಾಡಿದ, ಮಾತಾಡುತ್ತಿದ್ದಾಳೆ. ಮೊದಲು ಅಷ್ಟೇ ಅಂದುಕೊಂಡೆ. ಬಿದ್ದದ್ದು ರಸ್ತೆಯ ಮಣ್ಣಿನ ಅಂಚಿಗೆ, ಲಾರಿಗಳ ಕಡೆಗಲ್ಲ. ಅದೂ ಒಂದು ಪುಣ್ಯ.

"ನೀರು ಕುಡೀಲಿಲ್ವೇನೇ?" ಅಂದೆ.

"ಕುಡಿದ್ರೆ ಎಲ್ಲಿಗೆ ಹೋಗ್ಲಿ ಅತ್ಗೆ?" ಅವಳ ದನಿ ಬತ್ತಿಹೋಗಿತ್ತು. "ನೀವು ಹೇಳಿದ್ರಲ್ಲ, ಫೋನಿನ ಮ್ಯಾಪಲ್ಲಿ ಚೊಂಬಿನ ಗುರುತು ನೋಡು ಅಂತ. ಹುಡುಕಿ ಹುಡುಕಿ ಸಾಕಾಯ್ತು. ಒಂದು ಚೊಂಬೂ ಕಾಣ್ಲಿಲ್ಲ. ನೆಟ್ ಇಲ್ಲ ಅಂದ್ಕೊಂಡೆ."

"ಬೇರೆ ಏನೂ ಕಾಣ್ಲಿಲ್ವಾ?"

"ಲಿಂಗ ಕಾಣ್ತು. ದಾರೀ ಉದ್ದಕ್ಕೂ ಲಿಂಗ. ಮುಟ್ಟಿದ್ರೆ 'ಶರಣರ ಮನೆ' ಅಂತ ಬರ್ತಿತ್ತು. ಗದ್ದುಗೆ ಇರೋ ಮನೆ ಏನೋ ಅಂದ್ಕೊಂಡೆ. ಅಂತಾ ಕಡೆ ಹೋಗಿ ಕಕ್ಕಸು ಎಲ್ಲಿ ಅಂತ ಹೆಂಗೆ ಕೇಳ್ಲಿ? ಗೇಟಿನ ಹೊರಗಿಂದ್ಲೇ ಕೈ ಮುಗಿದು ಬಂದ್ಬುಟ್ಟೆ."

ನನ್ನ ಮೈಯೆಲ್ಲ ಉರಿದುಹೋಯಿತು.

ಆ ಮನೆಗಳನ್ನು ಹುಡುಕಿದವಳು ನಾನು. ನನ್ನ ತವರು ಕುಣಿಗಲ್ ತಾಲ್ಲೂಕಿನ ಅಮೃತೂರು. ಮದುವೆಗೆ ಮುಂಚೆ ಆ ಕಡೆಯಿಂದ ನಾನೂ ನಡೆದು ಬಂದವಳೇ. ಹೊರಡುವ ಹಿಂದಿನ ಸಂಜೆಯಿಂದಲೇ ನೀರು ಬಿಡುವುದು ನಮ್ಮ ಹೆಂಗಸರ ಪದ್ಧತಿ. ಉಪವಾಸ ಅನ್ನುತ್ತೇವೆ, ವ್ರತ ಅನ್ನುತ್ತೇವೆ. ನಿಜ ಏನೆಂದರೆ ದಾರಿಯಲ್ಲಿ ಕೂರಲು ಮರೆಯಿಲ್ಲ. ಮಜ್ಜಿಗೆ ಕೊಡುವ ಪುಣ್ಯಾತ್ಮರು ಹೆಜ್ಜೆಹೆಜ್ಜೆಗೂ ಸಿಗುತ್ತಾರೆ, ಕುಡಿದ ಮಜ್ಜಿಗೆ ಎಲ್ಲಿ ಹೋಗಬೇಕು ಅಂತ ಒಬ್ಬರೂ ಯೋಚಿಸುವುದಿಲ್ಲ. ನಾದಿನಿಗೆ ಪ್ರತಿ ಸಲವೂ ಮಠ ಮುಟ್ಟಿದ ಮೇಲೆ ಉರಿಮೂತ್ರ, ಚಳಿಜ್ವರ. ಈ ಸಲ ಅವಳಿಗೆ ದೊಡ್ಡ ಹರಕೆ. ಮಗಳ ಹೆರಿಗೆ ಸುಸೂತ್ರವಾದರೆ ನಿಟ್ಟೂರಿನಿಂದ ಮಠದ ಮೆಟ್ಟಿಲವರೆಗೆ ಎಲ್ಲೂ ಗಾಡಿ ಹತ್ತದೆ ಬರುತ್ತೇನೆ ಅಂತ ಹೊತ್ತಿದ್ದಳು. ದೇವರು ತನ್ನ ಪಾಲಿನದನ್ನು ನಡೆಸಿಕೊಟ್ಟಿದ್ದ.

ನನ್ನ ಸೊಸೆ ಭೂಪಟ ಮಾಡುವ ಕೆಲಸದವಳು. ನಾನು ಇದನ್ನೆಲ್ಲ ಒಂದು ದಿನ ಅವಳ ಮುಂದೆ ಹೇಳಿಕೊಂಡಾಗ, "ಅತ್ತೆ, ನೀವೇ ಒಂದು ವೆಬ್ ಮ್ಯಾಪ್ ಮಾಡಿ, ಕಲಿಸ್ತೀನಿ" ಅಂದಳು. ಓಪನ್ ಸೋರ್ಸ್ ಅಂತೆ. ಯಾರು ಬೇಕಾದರೂ ಬಳಸಬಹುದು, ತಿದ್ದಬಹುದು, ಕಾಸು ಕೇಳುವುದಿಲ್ಲ. ತಳದಲ್ಲಿ ರಸ್ತೆ, ಕೆರೆ, ರೈಲುಹಳಿಗಳ ಭೂಪಟ. ಅದನ್ನೂ ಜನರೇ ಸೇರಿ ಬರೆದು ತುಂಬಿಸಿದ್ದಾರೆ. ಇದು ದಾಸೋಹವೇ ಅಲ್ಲವೇ ಅನ್ನಿಸಿತು. ಅದರ ಮೇಲೆ ಗಾಜು ಹಾಸಿದ ಹಾಗೆ ನಮ್ಮದೊಂದು ಪದರ. ಆ ಪದರದ ಮೇಲೆ ನಮ್ಮ ಗುರುತುಗಳು.

ಮನೆ ಹುಡುಕಲು ಅವಳ ಸ್ಕೂಟರಿನ ಹಿಂದೆ ಕೂತು ಗುಬ್ಬಿ ರಸ್ತೆಯಲ್ಲಿ ಅಲೆದೆ. ನಿಮ್ಮ ಬಚ್ಚಲು ತೋರಿಸಿ, ನಡೆದು ಬರುವ ಹೆಂಗಸರಿಗೆ ಬಿಡುತ್ತೀರಾ ಅಂತ ಅಪರಿಚಿತರ ಬಾಗಿಲಲ್ಲಿ ಕೇಳುವುದು ಸುಲಭವಲ್ಲ. ಒಬ್ಬಳು ಮುಖದ ಮೇಲೆ ಬಾಗಿಲು ಹಾಕಿದಳು. ಇನ್ನೊಬ್ಬಳು ಹಿತ್ತಿಲಿಗೆ ಕರೆದುಕೊಂಡು ಹೋಗಿ ತೋರಿಸಿದಳು.

"ಬರ್ಲಿ ಬುಡವ್ವ, ತೊಟ್ಟಿ ತುಂಬ್ಸಿಟ್ಟಿರ್ತೀನಿ. ಮ್ಯಾಪಲ್ಲಿ ನನ್ ಮನೆ ಕಾಣ್ತದಾ?"

"ಕಾಣ್ತದೆ."

"ಹಂಗಾದ್ರೆ ನನ್ ಗಂಡನ ಫೋನಿಗೂ ಕಳ್ಸು. ಕುಡಿದು ಬಂದ ದಿನ ಪಕ್ಕದ ಮನೆ ಬಾಗ್ಲು ಬಡೀತಾನೆ."

ಗುರುತಿಗೆ ಚೊಂಬನ್ನು ಆರಿಸಿದ್ದೂ ನಾನೇ. ಚೊಂಬು ಅಂದರೆ ನಮ್ಮ ಕಡೆಯ ಹೆಂಗಸರಿಗೆ ಬಾಯಿ ಬಿಟ್ಟು ಹೇಳಬೇಕಾಗಿಲ್ಲ. ಕಾಗದದ ಮೇಲೆ ಬರೆದುಕೊಟ್ಟೆ, ಸೊಸೆ ಅದನ್ನು ಕಂಪ್ಯೂಟರಿಗೆ ಹಾಕಿದಳು. ಮೊದಲು ಕುಂಕುಮದ ಬಣ್ಣ ಕೊಟ್ಟಿದ್ದೆ, ಹೆದ್ದಾರಿಯ ಗೆರೆಯ ಬಣ್ಣದಲ್ಲಿ ಕಲೆತು ಹೋಯಿತು. ತಳದ ಭೂಪಟವನ್ನು ಮಂಕು ಮಾಡಿ ಚೊಂಬಿಗೆ ಕಡುನೀಲಿ ಕೊಟ್ಟ ಮೇಲೆ ಕಣ್ಣಿಗೆ ಬಿತ್ತು. ದೂರದಿಂದ ನೋಡಿದರೆ ಹತ್ತಿರದ ಚೊಂಬುಗಳೆಲ್ಲ ಒಂದೇ ಉಂಡೆಯಾಗಿ ಕೂಡುತ್ತವೆ, ಬೆರಳಲ್ಲಿ ಹಿಗ್ಗಿಸಿದರೆ ಬಿಡಿಬಿಡಿಯಾಗುತ್ತವೆ. ಮುಟ್ಟಿದರೆ ಪುಟ್ಟ ಚೌಕ ತೆರೆದು "ಶರಣರ ಮನೆ. ಹೆಂಗಸರಿಗೆ ಬಚ್ಚಲು, ಕಕ್ಕಸು ಇದೆ. ಸಂಕೋಚ ಬೇಡ" ಅಂತ ಬರುತ್ತದೆ. ಮೊದಲ ಚೊಂಬು ಪರದೆಯ ಮೇಲೆ ಕೂತ ದಿನ ದೇವರಿಗೆ ತುಪ್ಪದ ದೀಪ ಹಚ್ಚಿದ್ದೆ.

ಪಾದಯಾತ್ರೆಯ ಸಮಿತಿಯ ಕಾರ್ಯದರ್ಶಿ ನಮ್ಮವರಿಗೆ ದೂರದ ನೆಂಟರು, ಗುಬ್ಬಿಯಲ್ಲಿ ಸಿಮೆಂಟು ಅಂಗಡಿ ಇಟ್ಟಿರುವವರು. "ಯಾತ್ರೆಯೋರ ಫೋನ್ ಗುಂಪಿಗೆ ಹಾಕೋಕೆ ಮುಂಚೆ ಒಂದ್ಸಲ ನೋಡ್ತೀವಿ" ಅಂತ ಕೇಳಿದರು. ದೊಡ್ಡವರು, ಇಲ್ಲ ಅನ್ನಲಾಗದೆ ತಿದ್ದುವ ಲಿಂಕನ್ನೇ ಕಳಿಸಿದ್ದೆ.

ಈಗ ಅವರಿಗೇ ಫೋನು ಹಚ್ಚಿದೆ.

"ಯಜಮಾನ್ರೇ, ನನ್ನ ಚೊಂಬುಗಳನ್ನ ಏನು ಮಾಡಿದ್ರಿ?"

"ಅದಾ? ತೆಗೆಸ್ದೆ ಕಣಮ್ಮ. ಮಠಕ್ಕೆ ಹೋಗೋ ದಾರಿ. ಅದ್ರ ತುಂಬ ಕಕ್ಕಸಿನ ಚೊಂಬು ಇಟ್ರೆ ನೋಡ್ದೋರು ಏನಂದಾರು? ಲಕ್ಷಣವಾಗಿ ಲಿಂಗ ಹಾಕ್ಸಿದೀನಿ. ಅಲ್ಲಿ ಬರ್ದಿದ್ರಲ್ಲ, ಆ ಮಾತೂ ತೆಗೆಸ್ದೆ."

"ನನ್ನ ನಾದಿನಿ ಆಸ್ಪತ್ರೇಲಿ ಮಲಗವ್ಳೆ."

"ಅಯ್ಯೋ, ಗೊತ್ತಾಯ್ತು. ಬಿಸ್ಲು ನೋಡಿ."

"ಬಿಸ್ಲಲ್ಲ. ಬಚ್ಚಲು ಸಿಕ್ಕಲ್ಲ ಅಂತ ನೀರೇ ಕುಡೀಲಿಲ್ಲ ಅವ್ಳು."

"ಇಷ್ಟು ವರ್ಷ ಹೆಂಗಸ್ರು ನಡೀಲಿಲ್ವಾ ತಾಯಿ? ನಮ್ಮ ಮನೆಯವ್ಳೂ ಪ್ರತಿ ಸಲ ಬರ್ತಾಳೆ."

"ಕಾರಲ್ಲಿ ಬರ್ತಾರೆ."

ಆ ಕಡೆ ಕೆಮ್ಮು. "ಶಿವನ ಗುರುತು ಹಾಕ್ಸಿದ್ದೇ ತಪ್ಪು ಅಂತೀರಾ ನೀವು?"

"ಶಿವನ ಗುರುತನ್ನ ತಗೊಂಡೋಗಿ ಕಕ್ಕಸಿನ ಬಾಗ್ಲ ಮೇಲೆ ಹಾಕ್ಸಿದೀರಲ್ಲ ಯಜಮಾನ್ರೇ, ಒಂದಲ್ಲ ಎರಡಲ್ಲ, ದಾರೀ ಉದ್ದಕ್ಕೂ. ಅದನ್ನ ನಾನು ಯಾರ ಮುಂದೆ ಹೇಳ್ಲಿ? ಗುಂಪಲ್ಲಿ ಹಾಕ್ಲಾ?"

"ಯಾತ್ರೆ ಮುಗೀಲಿ, ಸಮಿತೀಲಿ ಕೂತು ಮಾತಾಡೋಣ" ಅಂದರು.

"ಉಳಿದ ಹೆಂಗಸ್ರು ಬಿಸ್ಲು ಇಳಿದ ಮೇಲೆ ಗುಬ್ಬಿಯಿಂದ ಹೊರಡ್ತಾರೆ. ಅವ್ರೆಲ್ಲ ಬಿದ್ದ ಮೇಲೆ ಕೂತು ಮಾತಾಡ್ತೀರಾ?" ಅಂದು ಫೋನಿಟ್ಟೆ. ದೊಡ್ಡವರ ಮಾತು ಮುಗಿಯುವ ಮುಂಚೆ ಫೋನಿಟ್ಟದ್ದು ನನ್ನ ಜನ್ಮದಲ್ಲಿ ಅದೇ ಮೊದಲು. ಅದಕ್ಕೆ ಇವತ್ತಿಗೂ ದೇವರ ಮುಂದೆ ಕ್ಷಮೆ ಕೇಳಿಲ್ಲ.

ಸೊಸೆಗೆ ಅವತ್ತು ಮನೆಯಲ್ಲೇ ಕೆಲಸ, ಅದೂ ನನ್ನ ಪುಣ್ಯ. ಪಡಸಾಲೆಯಲ್ಲಿ ಕೂತು ಎಲ್ಲ ಕೇಳಿಸಿಕೊಂಡಿದ್ದಳು. ಲ್ಯಾಪ್‌ಟಾಪನ್ನು ನನ್ನ ಕಡೆ ತಿರುಗಿಸಿದಳು.

"ನೀನೇ ಮಾಡ್ಬುಡಮ್ಮ. ಈ ಸಿಟ್ಟಲ್ಲಿ ನಾನು ಏನಾರ ತಪ್ಪು ಒತ್ಬುಡ್ತೀನಿ."

"ಪರವಾಗಿಲ್ಲ ಅತ್ತೆ, ಸಿಟ್ಟಲ್ಲೇ ಒತ್ತಿ. ಒಂದೊಂದೇ ಮನೆ ತಿದ್ದೋದು ಬೇಡ. ಅವರು ಪದರದ ಗುರುತನ್ನ ಬದಲಾಯಿಸಿದಾರೆ, ಅದಕ್ಕೇ ಎಲ್ಲಾನೂ ಒಟ್ಟಿಗೆ ಲಿಂಗ ಆಗಿದೆ. ನೀವೂ ಅಲ್ಲೇ ಬದಲಾಯಿಸಿ, ಎಲ್ಲಾನೂ ವಾಪಸ್ ಬರತ್ತೆ."

ಪದರದ ಗುರುತು ತೆರೆದೆ. ಲಿಂಗ ಇತ್ತು. ಅದನ್ನು ತೆಗೆಯಬೇಕಲ್ಲ ಅಂತ ಒಂದು ಗಳಿಗೆ ಬೆರಳು ಅಳುಕಿತು. ಅದನ್ನು ಮುಟ್ಟಿ ಕಣ್ಣಿಗೊತ್ತಿಕೊಂಡೆ. ಅಪ್ಪಾ, ನಿನ್ನನ್ನು ನಿಲ್ಲಿಸಬಾರದ ಜಾಗದಲ್ಲಿ ನಿಲ್ಲಿಸಿಬಿಟ್ಟಿದ್ದಾರೆ, ಕರೆದುಕೊಂಡು ಬರುತ್ತಿದ್ದೇನೆ ಅಂದುಕೊಂಡು ಒತ್ತಿದೆ. ನಿಟ್ಟೂರಿನಿಂದ ತುಮಕೂರಿನವರೆಗೆ ನೀಲಿ ಚೊಂಬುಗಳು ಒಟ್ಟಿಗೇ ಎದ್ದು ಕೂತವು. ಸೊಸೆ ತೆಗೆದಿಟ್ಟಿದ್ದ ಹಳೆಯ ಪ್ರತಿಯಿಂದ ಚೌಕದ ಮಾತುಗಳನ್ನೂ ವಾಪಸ್ ಹಾಕಿದೆವು. ಸಮಿತಿಗೆ ಕೊಟ್ಟಿದ್ದ ತಿದ್ದುವ ಹಕ್ಕನ್ನು ಕಿತ್ತು ಹಾಕಿದೆ. ಹಾಗೆ ಕಿತ್ತು ಹಾಕುವಾಗ ಆದ ಸಂತೋಷ ಒಳ್ಳೆಯದಲ್ಲ, ಆದರೂ ಆಯಿತು.

ಲಿಂಕನ್ನು ಹೆಂಗಸರಿಗೇ ನೇರವಾಗಿ ಕಳಿಸಿ, ಗುಬ್ಬಿಯ ಛತ್ರದಲ್ಲಿ ಇಳಿದಿದ್ದವರಿಗೆ ಫೋನು ಮಾಡಿದೆ. ಆ ಕಡೆ ಗಲಗಲ. "ಬಂತು ಕಣಕ್ಕ, ಚೊಂಬು ಬಂತು!" ಅಂತ ಒಬ್ಬಳು ಕೂಗಿದಳು. "ಹಂಗಾದ್ರೆ ತತ್ತಾ ಇತ್ಲಾಗೆ ಆ ಮಜ್ಗೆ" ಅಂತ ಇನ್ನೊಬ್ಬಳು. ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ.

ಯಾಕೆಂದರೆ ನಾದಿನಿ ಮತ್ತೆ ಫೋನು ಮಾಡಿದ್ದಳು. ಡಾಕ್ಟರು ಏಳಕೂಡದು ಅಂದಿದ್ದಾರೆ. ಗ್ಲೂಕೋಸ್ ಏರುತ್ತಿದೆ. "ಹರಕೆ ಅರ್ಧಕ್ಕೇ ನಿಂತೋಯ್ತಲ್ಲ ಅತ್ಗೆ. ಆಸ್ಪತ್ರೆಗೆ ಆಟೋದಾಗೆ ಹಾಕ್ಕೊಂಡು ಬಂದವ್ರೆ. ಗಾಡಿ ಹತ್ತಿದಂಗಾಯ್ತಲ್ಲ?" ಅಂತ ಅಳುತ್ತಿದ್ದಳು.

"ಪ್ರಜ್ಞೆ ತಪ್ಪಿದ್ದಾಗ ಹತ್ತಿಸಿದ್ದು ಲೆಕ್ಕಕ್ಕಿಲ್ಲ ಕಣೇ. ವಾಸಿಯಾದ ಮೇಲೆ ಬಿದ್ದ ಜಾಗದಿಂದ ಶುರು ಮಾಡು. ನಾನೂ ಬರ್ತೀನಿ."

"ದೇವ್ರು ಒಪ್ಕೊಂತಾನಾ?"

"ಅವ್ನು ಒಪ್ತಾನೆ. ಸಮಿತಿಯೋರನ್ನ ಕೇಳ್ಬೇಡ."

ಅವಳು ಅಳುತ್ತಲೇ ಇದ್ದಳು. ಅಷ್ಟು ದೂರ ನಡೆದವಳು, ತನ್ನದಲ್ಲದ ತಪ್ಪಿಗೆ ದೇವರ ಕ್ಷಮೆ ಕೇಳುತ್ತಾ ಮಲಗಿದ್ದಳು. ತಪ್ಪು ಮಾಡಿದವರು ಅಂಗಡಿಯ ಗಲ್ಲಾದ ಮುಂದೆ ಆರಾಮಾಗಿ ಕೂತಿದ್ದರು. ನನ್ನ ಸಿಟ್ಟು ಇಳಿಯಲಿಲ್ಲ. ಇಳಿಯಬೇಕೆಂದು ನಾನು ಬೇಡಿಕೊಳ್ಳಲೂ ಇಲ್ಲ.

ನಮ್ಮವರು ಫೋನು ಮಾಡಿ, ಹಿರೇಹಳ್ಳಿಯ ಕಾರ್ಖಾನೆಯಿಂದ ಹೊರಟಿದ್ದೇನೆ, ಇಬ್ಬರೂ ಗುಬ್ಬಿಗೆ ಹೋಗೋಣ, ಸಿದ್ಧವಾಗಿರು ಅಂದರು. ಉರಿಮೂತ್ರಕ್ಕೆ ತಂಪು ಅಂತ ಬಾರ್ಲಿ ತೊಳೆದು, ಜಾಸ್ತಿ ನೀರಿಟ್ಟು ಒಲೆಗೆ ಏರಿಸಿದೆ. ಉಕ್ಕದ ಹಾಗೆ ಉರಿ ಸಣ್ಣ ಮಾಡಿ, ಫ್ಲಾಸ್ಕು ತೊಳೆಯಲು ಕೂತೆ.